ತಿಂಗಳಿಗೆ ಎಷ್ಟು ಎಂಬುದಕ್ಕೂ ಮೊದಲು ಯಂತ್ರ ಎಲ್ಲಿದೆ: ಫಿಸಿಕಲ್ ಇನಾರ್ಗ್ಯಾನಿಕ್ ಕೆಮಿಸ್ಟ್ರಿಯ ಪಿಎಚ್.ಡಿ. ಸೀಟು

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಲ್ಯಾಬಿನಲ್ಲಿ ಈಥರ್ ಬಾಟಲಿಯ ಮುಚ್ಚಳ ತಿರುವಿದರೆ ಆವಿ ಬುಸ್ಸೆಂದು ಹೊರಗೆ ನುಗ್ಗುತ್ತದೆ. ಡೈಈಥೈಲ್ ಈಥರ್ ಕುದಿಯುವುದು 34.6 ಡಿಗ್ರಿ ಸೆಲ್ಸಿಯಸ್‌ಗೆ. ಫ್ಯಾನ್ ಕೆಳಗಿನ ಗಾಳಿಯೇ ಅದಕ್ಕಿಂತ ಬಿಸಿ. ಡೈಕ್ಲೋರೋಮೀಥೇನ್ 39.6ಕ್ಕೆ ಕುದಿಯುತ್ತದೆ, ಹಾಗಾಗಿ ಬಿಸಿಲು 42 ಮುಟ್ಟಿದ ದಿನ ಅದನ್ನೂ ಬೀರುವಿನಲ್ಲಿಟ್ಟು ಮರೆಯುವಂತಿಲ್ಲ. ಹರಳು ಕಟ್ಟಲೆಂದು ಸಂಜೆ ಇಟ್ಟ ದ್ರಾವಣ ಬೆಳಗಾಗುವಷ್ಟರಲ್ಲಿ ಒಣಗಿ, ತಳದಲ್ಲಿ ಬರೀ ಪುಡಿ ಕೂತಿರುತ್ತದೆ. ಎಕ್ಸ್-ರೇ ಅಧ್ಯಯನಕ್ಕೆ ಬೇಕಾದ 0.1ರಿಂದ 0.3 ಮಿಲಿಮೀಟರ್ ಗಾತ್ರದ ಒಂದೇ ಒಂದು ಒಳ್ಳೆಯ ಹರಳಿಗಾಗಿ ಒಂದು ಇಡೀ ಬೇಸಿಗೆ ಕಳೆದುಹೋಗಬಹುದು.

ಎಂ.ಎಸ್ಸಿ. ಮುಗಿಸಿ ಫೆಲೋಶಿಪ್ ಇರುವ ಪಿಎಚ್.ಡಿ. ಸೀಟು ಹುಡುಕುವವರ ಮೊದಲ ಪ್ರಶ್ನೆ ತಿಂಗಳಿಗೆ ಎಷ್ಟು ಬರುತ್ತದೆ ಎಂಬುದು. ಮನೆ ನಡೆಯಬೇಕಲ್ಲ, ಆ ಪ್ರಶ್ನೆ ನ್ಯಾಯವೇ. ಆದರೆ ಈ ಶಾಖೆಯಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ: ಅಳೆಯುವ ಯಂತ್ರ ಎಲ್ಲಿದೆ, ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ, ಲ್ಯಾಬಿನ ಉಷ್ಣಾಂಶ ಯಾರ ಹಿಡಿತದಲ್ಲಿದೆ. ಇಲ್ಲಿ ಪ್ರಬಂಧ ನಿಲ್ಲುವುದು ಅಳತೆಯ ಮೇಲೆ. ಅಳತೆ ಸಡಿಲವಾದರೆ ಐದು ವರ್ಷದ ಫೆಲೋಶಿಪ್ಪೂ ಅದನ್ನು ಎತ್ತಿ ಹಿಡಿಯಲಾರದು.

ಈ ಶಾಖೆ ಕೇಳುವ ಪ್ರಶ್ನೆ ಯಾವುದು

ಹೊಸ ಲೋಹ ಸಂಯುಕ್ತವೊಂದನ್ನು ತಯಾರಿಸಿ, ಐ.ಆರ್. (ಅವಕೆಂಪು ವರ್ಣಪಟಲ) ತೆಗೆದು, ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡಿ ಪೇಪರ್ ಬರೆಯುವುದು ನಮ್ಮ ಕಡೆ ಬಹಳ ಕಾಲದಿಂದ ನಡೆದಿದೆ. ಫಿಸಿಕಲ್ ಇನಾರ್ಗ್ಯಾನಿಕ್ ಎಂದರೆ ಅದಲ್ಲ. ಈ ಲೋಹ ಹೀಗೇಕೆ ನಡೆದುಕೊಳ್ಳುತ್ತದೆ, ಎಷ್ಟು ವೇಗದಲ್ಲಿ, ಯಾವ ದಾರಿಯಲ್ಲಿ ಎಂಬುದನ್ನು ಸಂಖ್ಯೆಯಲ್ಲಿ ಹೇಳುವುದು ಅದರ ಕೆಲಸ. ಬಣ್ಣ, ಕಾಂತತ್ವ, ರೆಡಾಕ್ಸ್ ವಿಭವ, ಕ್ರಿಯಾವೇಗ ಈ ನಾಲ್ಕು ಅದರ ಮುಖ್ಯ ಅಳತೆಗಳು.

ಒಂದು ಉದಾಹರಣೆ ಸಾಕು. ನೀರಿನಲ್ಲಿರುವ ಕ್ರೋಮಿಯಮ್(3) ಅಯಾನು ತನ್ನ ಸುತ್ತಲ ಆರು ನೀರಿನ ಅಣುಗಳಲ್ಲಿ ಒಂದನ್ನು ಬದಲಾಯಿಸಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಅದರ ಅರ್ಧಾಯು ಸುಮಾರು 80 ಗಂಟೆ. ತಾಮ್ರ(2) ಅದೇ ಕೆಲಸವನ್ನು ಸೆಕೆಂಡಿಗೆ ನೂರು ಕೋಟಿ ಸಲದ ಆಸುಪಾಸಿನಲ್ಲಿ ಮಾಡುತ್ತದೆ. ಎರಡೂ ಲೋಹದ ಅಯಾನುಗಳೇ, ಎರಡೂ ಅದೇ ನೀರಿನಲ್ಲಿವೆ. ವ್ಯತ್ಯಾಸ ಇರುವುದು ಡಿ ಕಕ್ಷಕಗಳಲ್ಲಿ ಎಲೆಕ್ಟ್ರಾನುಗಳು ಹೇಗೆ ಕೂತಿವೆ ಎಂಬುದರಲ್ಲಿ. ಕ್ರೋಮಿಯಮ್‌ನ ಮೂರು ಎಲೆಕ್ಟ್ರಾನುಗಳು ಕೆಳಗಿನ ಮೂರು ಕಕ್ಷಕಗಳಲ್ಲಿ ಒಂದೊಂದಾಗಿ ಭದ್ರವಾಗಿ ಕೂತಿವೆ, ಹಾಗಾಗಿ ಕದಲಲು ಒಪ್ಪುವುದಿಲ್ಲ. ತಾಮ್ರದಲ್ಲಿ ಯಾನ್-ಟೆಲ್ಲರ್ ವಿರೂಪದಿಂದ ಎರಡು ಬಂಧಗಳು ಮೊದಲೇ ಉದ್ದವಾಗಿ ಸಡಿಲಗೊಂಡಿರುತ್ತವೆ.

ಈ ವ್ಯತ್ಯಾಸವನ್ನೇ ಹತಾರ ಮಾಡಿಕೊಂಡು ಹೆನ್ರಿ ಟೌಬೆ 1953ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಕ್ಲೋರೈಡ್ ಹಿಡಿದ ಕೋಬಾಲ್ಟ್(3) ಸಂಕೀರ್ಣಕ್ಕೆ ಕ್ರೋಮಿಯಮ್(2) ಬೆರೆಸಿದರು. ಎಲೆಕ್ಟ್ರಾನು ಕ್ರೋಮಿಯಮ್‌ನಿಂದ ಕೋಬಾಲ್ಟಿಗೆ ಹೋಯಿತು. ಕೊನೆಗೆ ನೋಡಿದರೆ ಕ್ಲೋರೈಡ್ ಕ್ರೋಮಿಯಮ್‌ಗೆ ಅಂಟಿಕೊಂಡಿತ್ತು. ಕ್ರೋಮಿಯಮ್(3) ಆದ ಮೇಲೆ ಅದು ಹೊರಗಿನಿಂದ ಕ್ಲೋರೈಡನ್ನು ಅಷ್ಟು ಬೇಗ ಎತ್ತಿಕೊಳ್ಳಲಾರದು. ಅಂದರೆ ಎಲೆಕ್ಟ್ರಾನು ದಾಟುವ ಹೊತ್ತಿಗೆ ಕ್ಲೋರೈಡ್ ಎರಡೂ ಲೋಹಗಳ ನಡುವೆ ಸೇತುವೆಯಾಗಿತ್ತು. ಆ ಕ್ಲೋರೈಡಿನ ಜಾಗದಲ್ಲಿ ಅಮೋನಿಯಾ ಇಟ್ಟರೆ ಸೇತುವೆ ಕಟ್ಟಲು ಬರುವುದಿಲ್ಲ, ವೇಗ ನೂರಾರು ಕೋಟಿ ಪಟ್ಟು ಕುಸಿಯುತ್ತದೆ. ಟೌಬೆಗೆ 1983ರಲ್ಲಿ ನೊಬೆಲ್ ಬಂತು. ಸೇತುವೆ ಇಲ್ಲದ ದಾರಿಯ ಸಿದ್ಧಾಂತ ಕಟ್ಟಿದ ರುಡಾಲ್ಫ್ ಮಾರ್ಕಸ್‌ಗೆ 1992ರಲ್ಲಿ. ಈ ಎರಡು ಹೆಸರುಗಳು ಇಂಟರ್‌ವ್ಯೂನಲ್ಲಿ ಬಂದೇ ಬರುತ್ತವೆ ಎಂದುಕೊಂಡು ಓದಿ. ವರ್ಷ ಬಾಯಿಪಾಠ ಮಾಡುವುದಕ್ಕಿಂತ, ಕ್ಲೋರೈಡ್ ಹೇಗೆ ಸಾಕ್ಷಿಯಾಯಿತು ಎಂದು ಬೋರ್ಡಿನ ಮೇಲೆ ಬರೆದು ತೋರಿಸಲು ಬರಬೇಕು.

ಹಣ ಒಂದು ಬಾಗಿಲು, ಪ್ರವೇಶ ಇನ್ನೊಂದು

ಜಾಹೀರಾತಿನಲ್ಲಿ 'ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಬೇಕಾಗಿದ್ದಾರೆ' ಎಂದು ನೋಡಿದೊಡನೆ ಪಿಎಚ್.ಡಿ. ಸಿಕ್ಕಿತು ಎಂದುಕೊಳ್ಳುವವರು ಬಹಳ. ಹಣ ಕೊಡುವ ಪತ್ರ ಬೇರೆ, ವಿಶ್ವವಿದ್ಯಾಲಯದ ಪಿಎಚ್.ಡಿ. ನೋಂದಣಿ ಬೇರೆ. ಎರಡಕ್ಕೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ದಿನಾಂಕ.

ಹಣದ ದಾರಿಗಳಲ್ಲಿ ಗಟ್ಟಿಯಾದದ್ದು ಸಿಎಸ್‌ಐಆರ್-ಯುಜಿಸಿ ನಡೆಸುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ನೆಟ್‌ನಿಂದ ಸಿಗುವ ಜೆಆರ್‌ಎಫ್. 2023ರ ಜನವರಿ 1ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆದಾಗ 42,000. ಮನೆ ಬಾಡಿಗೆ ಭತ್ಯೆ ಮತ್ತು ವರ್ಷದ ಕಂಟಿಂಜೆನ್ಸಿ (ಸಂಶೋಧನೆಯ ಚಿಲ್ಲರೆ ಖರ್ಚಿನ ಹಣ) ಬೇರೆ. ಐದು ವರ್ಷ ಪೂರ್ತಿ ಸಿಕ್ಕರೆ ಬಾಡಿಗೆ ಭತ್ಯೆ ಬಿಟ್ಟೇ 24 ಲಕ್ಷ ಆಗುತ್ತದೆ. ಎರಡು ವರ್ಷದಿಂದ ಮೂರನೆಯದಕ್ಕೆ ಹೋಗುವುದು ತಾನಾಗಿ ಆಗುವುದಿಲ್ಲ. ಹೊರಗಿನ ತಜ್ಞರೊಬ್ಬರು ಇರುವ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ಜೆಆರ್‌ಎಫ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದವರಿಗೆ ಯುಜಿಸಿಯ ನಾನ್-ನೆಟ್ ಫೆಲೋಶಿಪ್ ತಿಂಗಳಿಗೆ 8,000 ರೂಪಾಯಿ. ನಾಲ್ಕು ವರ್ಷ ಲೆಕ್ಕ ಹಾಕಿದರೆ 3 ಲಕ್ಷ 84 ಸಾವಿರ. ಈ ಅಂತರ ನೋಡಿದರೆ, ನೆಟ್‌ಗೆ ಇನ್ನೊಂದು ಸಲ ಕೂರಲು ಆರು ತಿಂಗಳು ಕೊಡುವುದು ದಂಡವಲ್ಲ.

ಕೆಮಿಕಲ್ ಸೈನ್ಸಸ್ ಪತ್ರಿಕೆ 200 ಅಂಕದ್ದು, ಮೂರು ಗಂಟೆ. ಎ ಭಾಗದಲ್ಲಿ 20ರಲ್ಲಿ 15, ಬಿ ಭಾಗದಲ್ಲಿ 40ರಲ್ಲಿ 35, ಸಿ ಭಾಗದಲ್ಲಿ 60ರಲ್ಲಿ 25 ಪ್ರಶ್ನೆಗೆ ಉತ್ತರಿಸಬೇಕು. ಸಿ ಭಾಗದ ಒಂದೊಂದು ಪ್ರಶ್ನೆಗೂ 4 ಅಂಕ, ತಪ್ಪಿದರೆ ಕಾಲು ಭಾಗ ಕಡಿತ. 60ರಲ್ಲಿ 25 ಆರಿಸುವ ಸ್ವಾತಂತ್ರ್ಯ ಇರುವುದರಿಂದ, ಸಂಕೀರ್ಣಗಳ ವರ್ಣಪಟಲ, ಇಪಿಆರ್ (ಒಂಟಿ ಎಲೆಕ್ಟ್ರಾನುಗಳನ್ನು ಕಾಂತಕ್ಷೇತ್ರದಲ್ಲಿಟ್ಟು ನೋಡುವ ವರ್ಣಪಟಲ), ಎಲೆಕ್ಟ್ರಾನು ವರ್ಗಾವಣೆ, ಕ್ರಿಯಾವೇಗ ಇವನ್ನು ಗಟ್ಟಿ ಮಾಡಿಕೊಂಡವರು ಇನಾರ್ಗ್ಯಾನಿಕ್ ಮತ್ತು ಫಿಸಿಕಲ್ ಎರಡೂ ಕಡೆಯಿಂದ ಅಂಕ ಎತ್ತುತ್ತಾರೆ. ತಾಮ್ರ(2)ರ ಇಪಿಆರ್‌ನಲ್ಲಿ ನಾಲ್ಕು ಗೆರೆ, ವೆನೇಡಿಯಮ್‌ನ ವೆನಡಿಲ್ ಅಯಾನಿನಲ್ಲಿ ಎಂಟು ಗೆರೆ ಏಕೆ ಎಂಬುದು ನ್ಯೂಕ್ಲಿಯರ್ ಸ್ಪಿನ್ 3/2 ಮತ್ತು 7/2 ಎಂದು ಗೊತ್ತಿದ್ದವರಿಗೆ ಅರ್ಧ ನಿಮಿಷದ ಕೆಲಸ.

2024ರಿಂದ ನೆಟ್ ಫಲಿತಾಂಶ ಮೂರು ತರಹ ಬರುತ್ತಿದೆ: ಜೆಆರ್‌ಎಫ್ ಸಹಿತ, ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ, ಬರೀ ಪಿಎಚ್.ಡಿ. ಪ್ರವೇಶ. ಕೊನೆಯ ಎರಡರಲ್ಲಿ ಬಂದವರಿಗೆ ಪ್ರವೇಶದ ಲೆಕ್ಕದಲ್ಲಿ ನೆಟ್ ಅಂಕಕ್ಕೆ 70, ಇಂಟರ್‌ವ್ಯೂಗೆ 30 ಭಾಗ; ಆ ಅಂಕ ನಡೆಯುವುದು ಒಂದೇ ವರ್ಷ. ಇವೆರಡರಲ್ಲೂ ಜೆಆರ್‌ಎಫ್ ಹಣ ಇಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್ ಬಿಡಬಾರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಪಿಎಚ್.ಡಿ. ಫೆಲೋಶಿಪ್‌ಗೆ ಅದರ ಅಂಗಸಂಸ್ಥೆ ಕೆಸ್ಟೆಪ್ಸ್ ಮೂಲಕ ಅರ್ಜಿ ಕರೆಯುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ವಿಧಿಯ ಪ್ರಮಾಣಪತ್ರ ಈ ಭಾಗದ ರಾಜ್ಯ ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಕೆಲಸಕ್ಕೆ ಬರುತ್ತದೆ, ನೆಟ್‌ನಲ್ಲಿ ಬರುವುದಿಲ್ಲ.

ಎಡವುವ ಜಾಗ ಪ್ರಾಜೆಕ್ಟ್ ಜೆಆರ್‌ಎಫ್. ಪ್ರಾಧ್ಯಾಪಕರೊಬ್ಬರಿಗೆ ಮಂಜೂರಾದ ಪ್ರಾಜೆಕ್ಟಿನಿಂದ ಬರುವ ಸಂಬಳ ಅದು. ಪ್ರಾಜೆಕ್ಟ್ ಸಾಮಾನ್ಯವಾಗಿ ಮೂರು ವರ್ಷ; ಅದರಲ್ಲಿ ಒಂದು ವರ್ಷ ಈಗಾಗಲೇ ಕಳೆದಿರಬಹುದು. ಪಿಎಚ್.ಡಿ. ಮೂರು ವರ್ಷದಲ್ಲಿ ಮುಗಿಯುವುದು ಅಪರೂಪ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6. ಕೋರ್ಸ್‌ವರ್ಕ್ ಅದರೊಳಗೇ ಸೇರಿದೆ. ಸೇರುವ ಮೊದಲು ಮೂರು ವಿಷಯ ಬರಹದಲ್ಲಿ ಕೇಳಿ: ಪ್ರಾಜೆಕ್ಟ್ ಮಂಜೂರಾದ ದಿನ ಮತ್ತು ಮುಗಿಯುವ ದಿನ, ಪಿಎಚ್.ಡಿ.ಗೆ ನೋಂದಣಿ ಮಾಡಿಸಲು ಒಪ್ಪಿಗೆ ಇದೆಯೇ, ಗೈಡ್ ಬಳಿ ಖಾಲಿ ಸೀಟು ಇದೆಯೇ. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ ಇದೆ. ಸೀಟು ತುಂಬಿದ್ದರೆ ಸಂಬಳ ಬರುತ್ತದೆ, ನೋಂದಣಿ ಆಗುವುದಿಲ್ಲ. ಹೀಗೆ ಎರಡು ವರ್ಷ ಕಳೆದುಕೊಳ್ಳುವುದು ದೊಡ್ಡ ನಷ್ಟ.

ಎಲ್ಲ ಸರಿಯಿದ್ದರೂ ಮೊದಲ ಕಂತು ಕೈಗೆ ಬರಲು ತಿಂಗಳುಗಳು ಹಿಡಿಯಬಹುದು. ಜಾಯಿನಿಂಗ್ ರಿಪೋರ್ಟ್, ಬ್ಯಾಂಕ್ ವಿವರ, ಆಧಾರ್ ಜೋಡಣೆ, ವಿಭಾಗದಿಂದ ಪ್ರತಿ ತಿಂಗಳ ದೃಢೀಕರಣ ಇವುಗಳಲ್ಲಿ ಒಂದು ತಪ್ಪಿದರೂ ಹಣ ನಿಲ್ಲುತ್ತದೆ. ಊಟ, ರೂಮಿಗೆ ನಾಲ್ಕೈದು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಸೇರಬೇಕು.

ಬೆಂಚಿನ ಮೇಲೆ ಏನಾಗುತ್ತದೆ

ಈ ಭಾಗದ ಎಂ.ಎಸ್ಸಿ. ಲ್ಯಾಬ್‌ಗಳಲ್ಲಿ ಎಲ್ಲರಿಗೂ ಪರಿಚಯ ಇರುವ ಪೊಟ್ಯಾಷಿಯಮ್ ಪರ್ಮಾಂಗನೇಟನ್ನೇ ತೆಗೆದುಕೊಳ್ಳೋಣ. ಅದರ ನೇರಳೆ ಬಣ್ಣ 526 ನ್ಯಾನೋಮೀಟರಿನಲ್ಲಿ ಬೆಳಕು ಹೀರುತ್ತದೆ, ಮೋಲಾರ್ ಹೀರಿಕೆ ಸುಮಾರು 2,400. ಒಂದು ಸೆಂಟಿಮೀಟರ್ ಸೆಲ್‌ನಲ್ಲಿ 0.0004 ಮೋಲಾರ್ ದ್ರಾವಣ ಹಾಕಿದರೆ ರೀಡಿಂಗ್ 0.96 ಬರುತ್ತದೆ. ಅಲ್ಲಿಂದ ಆರಂಭಿಸಿದರೆ ಸರಿ. 2ರ ಮೇಲೆ ಹೋದರೆ ಡಿಟೆಕ್ಟರಿಗೆ ತಲುಪುವ ಬೆಳಕು ನೂರರಲ್ಲಿ ಒಂದು ಪಾಲೂ ಇರುವುದಿಲ್ಲ, ಆ ಸಂಖ್ಯೆಯನ್ನು ನಂಬಲಾಗದು. ಪರ್ಮಾಂಗನೇಟ್ ಜೊತೆ ಕ್ರಿಯೆ ನಡೆಸುವ ಪದಾರ್ಥ ಅದರ ಕನಿಷ್ಠ ಹತ್ತು ಪಟ್ಟು ಇರಲಿ, ಅಂದರೆ 0.004 ಮೋಲಾರ್ ಅಥವಾ ಹೆಚ್ಚು. ಆಗ ಅದರ ಸಾಂದ್ರತೆ ಬಹುತೇಕ ಬದಲಾಗದೆ ಲೆಕ್ಕ ಸುಲಭವಾಗುತ್ತದೆ: ಲಾಗ್ ಹೀರಿಕೆ ಎದುರು ಸಮಯ ಹಾಕಿದರೆ ನೇರ ಗೆರೆ, ಅದರ ಸ್ಲೋಪ್‌ನಿಂದ ವೇಗ ಸ್ಥಿರಾಂಕ. ಅಯಾನುಗಳ ನಡುವಿನ ಕ್ರಿಯೆಯ ವೇಗ ದ್ರಾವಣದ ಒಟ್ಟು ಉಪ್ಪಿನ ಮೇಲೂ ನಿಂತಿರುವುದರಿಂದ ಸೋಡಿಯಮ್ ಪರ್ಕ್ಲೋರೇಟ್ ಹಾಕಿ ಅಯಾನಿಕ ಬಲ ಒಂದೇ ಇಡಬೇಕು.

ಪರ್ಮಾಂಗನೇಟನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿದರೆ ಕಾಗದವೇ ಅದನ್ನು ಕೆಡಿಸುತ್ತದೆ. ಸಿಂಟರ್ಡ್ ಗ್ಲಾಸ್ ಬೇಕು, ಕಂದು ಬಾಟಲಿ ಬೇಕು, ಆಗಾಗ ಸೋಡಿಯಮ್ ಆಕ್ಸಲೇಟ್ ಎದುರು ಸಾಂದ್ರತೆ ನೋಡಬೇಕು. ಗೆರೆ ನಡುವೆ ಬಾಗಿದರೆ ಗ್ರಾಫನ್ನು ಬಲವಂತವಾಗಿ ನೇರ ಮಾಡಬೇಡಿ. ಆಮ್ಲದಲ್ಲಿ ಹುಟ್ಟುವ ಮ್ಯಾಂಗನೀಸ್(2) ತಾನೇ ಕ್ರಿಯೆಗೆ ವೇಗ ಕೊಡುತ್ತಿರಬಹುದು, ಅಥವಾ ಕಣ್ಣಿಗೆ ಕಾಣದ ಮ್ಯಾಂಗನೀಸ್ ಡೈಆಕ್ಸೈಡ್ ಕಣಗಳು ಬೆಳಕನ್ನು ತಡೆಯುತ್ತಿರಬಹುದು. 420 ನ್ಯಾನೋಮೀಟರ್ ಸುತ್ತ ರೀಡಿಂಗ್ ಏರುತ್ತಿದೆಯೇ ನೋಡಿದರೆ ಎರಡನೆಯದು ತಿಳಿಯುತ್ತದೆ. ಈ ಬಾಗು ಹಲವು ಸಲ ಪ್ರಬಂಧದ ಒಂದು ಒಳ್ಳೆಯ ಅಧ್ಯಾಯವೇ ಆಗುತ್ತದೆ.

ಈಗ ಉಷ್ಣಾಂಶ. ಸಕ್ರಿಯಣ ಶಕ್ತಿ 50 ಕಿಲೋಜೂಲ್ ಇರುವ ಕ್ರಿಯೆಯಲ್ಲಿ 25 ಡಿಗ್ರಿಯ ಬಳಿ ಒಂದೇ ಒಂದು ಡಿಗ್ರಿ ಏರಿದರೆ ವೇಗ ಸುಮಾರು ಶೇ. 7 ಹೆಚ್ಚುತ್ತದೆ. ನಮ್ಮ ಎರಡು ರೀಡಿಂಗ್‌ಗಳು ಶೇ. 1ರೊಳಗೆ ಹೊಂದಬೇಕು ಎಂದಾದರೆ ಉಷ್ಣಾಂಶ 0.1 ಡಿಗ್ರಿಯೊಳಗೆ ನಿಲ್ಲಲೇಬೇಕು. ಸಾಧಾರಣ ಥರ್ಮೋಸ್ಟಾಟ್ ಬಿಸಿ ಮಾತ್ರ ಮಾಡುತ್ತದೆ, ತಂಪು ಮಾಡುವುದಿಲ್ಲ. ಹೊರಗೆ 40 ಇರುವಾಗ ಅದನ್ನು 25ಕ್ಕೆ ತಿರುವಿ ಕೂತರೆ ನೀರು 38ರಲ್ಲೇ ಇರುತ್ತದೆ, ಪುಸ್ತಕದಲ್ಲಿ ಮಾತ್ರ 25 ಎಂದು ಬರೆದಿರುತ್ತದೆ. ಚಿಲ್ಲರ್ ಇರುವ ಸರ್ಕ್ಯುಲೇಟರ್ ಇದೆಯೇ ಎಂದು ಲ್ಯಾಬಿಗೆ ಹೋದ ದಿನವೇ ನೋಡಿ. ಇಲ್ಲದಿದ್ದರೆ ಉಷ್ಣಾಂಶಗಳ ಸರಣಿಯನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸುವಂತೆ ವರ್ಷದ ಕೆಲಸ ಜೋಡಿಸಿಕೊಳ್ಳಬೇಕು. ಐದು ಉಷ್ಣಾಂಶ, ಐದೈದು ಡಿಗ್ರಿ ಅಂತರ, ಒಂದೊಂದರಲ್ಲೂ ಮೂರು ಸಲ. ಥರ್ಮಾಮೀಟರ್ ಬಾತ್‌ನಲ್ಲಲ್ಲ, ಸೆಲ್‌ನೊಳಗಿನ ದ್ರಾವಣದಲ್ಲಿ ಅದ್ದಿ ನೋಡಬೇಕು. ಎರಡರ ನಡುವೆ ವ್ಯತ್ಯಾಸ ಇದ್ದೇ ಇರುತ್ತದೆ.

ನೀರೂ ಒಂದು ತೊಡಕು. ಶಹಾಬಾದ್, ಸೇಡಂ, ವಾಡಿ ಕಡೆಯ ಸುಣ್ಣಕಲ್ಲಿನ ನೆಲದಲ್ಲಿ ಬೋರ್‌ವೆಲ್ ನೀರು ಗಡಸು. ಡಿಸ್ಟಿಲೇಷನ್ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟಿ ಹೀಟರ್ ಸುಡುತ್ತದೆ, ನೊರೆಯೊಡನೆ ಕ್ಯಾಲ್ಸಿಯಮ್ ಆಚೆ ದಾಟುತ್ತದೆ. ಲೋಹದ ಸಮತೋಲ ಸ್ಥಿರಾಂಕ ಅಳೆಯುವವರಿಗೆ ಇದು ನೇರ ಪೆಟ್ಟು. ಆರ್‌.ಓ. ನೀರನ್ನು ಎರಡು ಸಲ ಬಟ್ಟಿ ಇಳಿಸಿ, ಎರಡನೆಯ ಸಲ ಸ್ವಲ್ಪ ಪರ್ಮಾಂಗನೇಟ್ ಹಾಕಿ ಇಳಿಸುವುದು ಹಳೆಯ, ನಂಬಬಹುದಾದ ದಾರಿ.

ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆದು ರೆಡಾಕ್ಸ್ ವಿಭವ ತಿಳಿಯುವ ಸೈಕ್ಲಿಕ್ ವೋಲ್ಟಾಮೆಟ್ರಿಯಲ್ಲಿ ಹುಡುಗರು ಹೆಚ್ಚು ದಿನ ಕಳೆದುಕೊಳ್ಳುವುದು ಎಲೆಕ್ಟ್ರೋಡ್ ಉಜ್ಜದೆ. ಗ್ಲಾಸಿ ಕಾರ್ಬನ್ ತುದಿಯನ್ನು 1, 0.3, ಕೊನೆಗೆ 0.05 ಮೈಕ್ರಾನ್ ಅಲ್ಯೂಮಿನಾ ಪುಡಿಯಲ್ಲಿ ಎಂಟರ ಆಕಾರದಲ್ಲಿ ಉಜ್ಜಬೇಕು. ಅಸಿಟೋನೈಟ್ರೈಲ್‌ನಲ್ಲಿ 0.001 ಮೋಲಾರ್ ಸಂಯುಕ್ತ, 0.1 ಮೋಲಾರ್ ಟೆಟ್ರಾಬ್ಯೂಟೈಲ್ ಅಮೋನಿಯಮ್ ಹೆಕ್ಸಾಫ್ಲೋರೋಫಾಸ್ಫೇಟ್, 15 ನಿಮಿಷ ನೈಟ್ರೋಜನ್. ಮೊದಲು ಫೆರೊಸೀನ್ ಹಾಕಿ ನೋಡಿ: ಎರಡು ಶಿಖರಗಳ ಅಂತರ ಸಿದ್ಧಾಂತದಂತೆ ಸುಮಾರು 59 ಮಿಲಿವೋಲ್ಟ್, ಲ್ಯಾಬಿನಲ್ಲಿ 70ರಿಂದ 90 ಬಂದರೂ ಸರಿ. 200 ಬಂದರೆ ನಿಮ್ಮ ಸಂಯುಕ್ತದ ತಪ್ಪಲ್ಲ; ತುದಿ ಕೊಳೆಯಾಗಿದೆ, ರೆಫರೆನ್ಸ್ ಎಲೆಕ್ಟ್ರೋಡಿನ ಬಾಯಿ ಕಟ್ಟಿದೆ ಅಥವಾ ಉಪ್ಪು ಸಾಲದು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಆರ್ಗ್ಯಾನಿಕ್ ಲಿಗ್ಯಾಂಡ್ (ಲೋಹವನ್ನು ಹಿಡಿದ ಅಣು) ಇರುವ ಲೋಹದ ಪರ್ಕ್ಲೋರೇಟ್‌ಗಳು ಸಿಡಿಯಬಲ್ಲವು. ಕೆಲವೇ ಮಿಲಿಗ್ರಾಮ್ ಮಾಡಿ. ಒಣ ಪುಡಿಯನ್ನು ಲೋಹದ ಚಮಚದಲ್ಲಿ ಕೆರೆಯಬೇಡಿ, ಓವನ್‌ನಲ್ಲಿ ಇಡಬೇಡಿ. ಸಾಧ್ಯವಿದ್ದಲ್ಲಿ ಪರ್ಕ್ಲೋರೇಟ್ ಬಿಟ್ಟು ಟ್ರೈಫ್ಲೇಟ್ ಅಥವಾ ಹೆಕ್ಸಾಫ್ಲೋರೋಫಾಸ್ಫೇಟ್ ಬಳಸಿ.

ಹರಳಿಗೆ ಬೇಸಿಗೆಯಲ್ಲಿ ಈಥರ್ ಬದಲು ಹೆಪ್ಟೇನ್‌ನಂಥ ಹೆಚ್ಚು ಡಿಗ್ರಿಗೆ ಕುದಿಯುವ ದ್ರಾವಕ, ಅಥವಾ 4 ಡಿಗ್ರಿಯ ಫ್ರಿಜ್. ಕಿಡಿ ತಡೆಯುವ ವ್ಯವಸ್ಥೆ ಇಲ್ಲದ ಮನೆಬಳಕೆಯ ಫ್ರಿಜ್‌ನಲ್ಲಿ ಈಥರ್ ಇಡುವುದು ಬೆಂಕಿಗೆ ಆಹ್ವಾನ. ಹರಳು ಸಿಕ್ಕ ಮೇಲೆ ಅದು ಬೆಳೆದ ತಾಯಿ ದ್ರಾವಣದಲ್ಲೇ ಇರಲಿ. ಒಣಗಿಸಿ ಪೊಟ್ಟಣ ಕಟ್ಟಿ ಚೆನ್ನೈಗೆ ಕಳಿಸಿದರೆ ಒಳಗಿನ ದ್ರಾವಕ ಹಾರಿ ಹರಳು ಬಿರುಕು ಬಿಟ್ಟಿರುತ್ತದೆ. ಐಐಟಿ ಮದ್ರಾಸ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮುಂತಾದ ಕಡೆ ಸೈಫ್ ಎಂಬ ಸಾರ್ವಜನಿಕ ಉಪಕರಣ ಕೇಂದ್ರಗಳಲ್ಲಿ ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು, ಆದರೆ ಸರದಿಯ ಕಾಯುವಿಕೆ ಇರುತ್ತದೆ. ವರ್ಷದ ಕಂಟಿಂಜೆನ್ಸಿ ಹಣದಲ್ಲಿ ಎಷ್ಟು ಸ್ಯಾಂಪಲ್ ಸಾಗುತ್ತವೆ ಎಂದು ಮೊದಲೇ ಲೆಕ್ಕ ಹಾಕಿ.

ವಿಷಯ ಆರಿಸುವಾಗ

ಬೀದರಿನ ಬಿದ್ರಿ ಕೆಲಸ ಈ ಶಾಖೆಯ ಬಾಗಿಲಲ್ಲೇ ಕೂತಿರುವ ಪ್ರಶ್ನೆ. ಬಹುಪಾಲು ಸತುವು, ಸ್ವಲ್ಪ ತಾಮ್ರ; ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಮ್ ಕ್ಲೋರೈಡ್) ಮಿಶ್ರಣ ಹಚ್ಚಿದರೆ ಮೈ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಬರೀ ಸತುವಿಗೆ ಆ ಕಪ್ಪು ಹಿಡಿಯುವುದಿಲ್ಲ, ತಾಮ್ರ ಬೇಕೇ ಬೇಕು. ಮೇಲ್ಮೈಯಲ್ಲಿ ಸತುವು ಕರಗಿ ತಾಮ್ರ ಉಳಿಯುವ ವೇಗವನ್ನು ಎಲೆಕ್ಟ್ರೋಕೆಮಿಸ್ಟ್ರಿಯಿಂದ ಅಳೆಯಬಹುದು.

ಯಾದಗಿರಿಯ ಗೋಗಿ ಬಳಿ ಭೀಮಾ ಕೊಳ್ಳದ ಸುಣ್ಣಕಲ್ಲಿನಲ್ಲಿ ಯುರೇನಿಯಮ್ ನಿಕ್ಷೇಪ ಇದೆ. ಕ್ಯಾಲ್ಸಿಯಮ್ ಮತ್ತು ಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಯುರೇನಿಯಮ್ ಅವೆರಡರ ಜೊತೆ ಸೇರಿ ಆವೇಶವಿಲ್ಲದ ಸಂಕೀರ್ಣವಾಗುತ್ತದೆ. ಹಾಗಾಗಿ ಮಣ್ಣಿಗೆ ಅಂಟದೆ ನೀರಿನಲ್ಲಿ ದೂರ ಸಾಗುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 30 ಮೈಕ್ರೋಗ್ರಾಮ್. ಸಮತೋಲ ಸ್ಥಿರಾಂಕಗಳ ಜ್ಞಾನ ಊರಿನ ನೀರಿಗೆ ನೇರವಾಗಿ ಮುಟ್ಟುವ ವಿಷಯ ಇದು. ಆದರೆ ಯುರೇನಿಯಮ್‌ನ ಯುರೇನಿಲ್ ಲವಣ ಇಟ್ಟುಕೊಳ್ಳಲು ಪರವಾನಗಿ ಬೇಕು. ಗೈಡ್ ಬಳಿ ಅದು ಇಲ್ಲದಿದ್ದರೆ ಆ ವಿಷಯ ಕಾಗದದಲ್ಲೇ ಉಳಿಯುತ್ತದೆ.

ವಿದೇಶದ ಸೀಟಿಗೂ ಇದೇ ಓದು ಬೇಕು. ಬ್ರಿಟನ್ನಿನಲ್ಲಿ 'ಪೂರ್ತಿ ಹಣ' ಎಂದು ಬರೆದಿದ್ದರೂ ಶುಲ್ಕ ಅಲ್ಲಿನವರ ದರಕ್ಕೆ ಮಾತ್ರ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇರಬಹುದು. ಉಳಿದ ಅಂತರ ಯಾರು ಕಟ್ಟುತ್ತಾರೆ ಎಂದು ಮೇಲ್‌ನಲ್ಲಿ ಕೇಳಬೇಕು. ರಸಾಯನಶಾಸ್ತ್ರಕ್ಕೆ ವೀಸಾಗೂ ಮೊದಲು ಏಟಾಸ್ ಎಂಬ ಅನುಮತಿ ಪತ್ರ ಬೇಕಾಗುತ್ತದೆ. ಜರ್ಮನಿಯಲ್ಲಿ ಹಲವು ಸೀಟುಗಳು ಉದ್ಯೋಗ ಒಪ್ಪಂದದ ಮೇಲೆ; ಪೂರ್ಣ ಸಂಬಳವಲ್ಲ, ಅರ್ಧ ಅಥವಾ ಮೂರರಲ್ಲಿ ಎರಡು ಪಾಲು ಎಂದು ಬರೆದಿರುತ್ತದೆ.

ಗೈಡ್‌ಗೆ ಬರೆಯುವ ಮೇಲ್ ಇನ್ನೂರು ಪದ ಮೀರದಿರಲಿ. ಅವರ ಒಂದು ಪೇಪರ್ ಓದಿ, ಅದರ ಒಂದು ಗ್ರಾಫ್ ಬಗ್ಗೆ ಒಂದು ನಿಜವಾದ ಪ್ರಶ್ನೆ ಕೇಳಿ. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಯಾವ ಯಂತ್ರವನ್ನು ಸ್ವಂತ ಕೈಯಿಂದ ನಡೆಸಿದ್ದೀರಿ, ಯಾವುದನ್ನು ಬೇರೆಯವರು ನಡೆಸಿ ಕೊಟ್ಟರು ಎಂದು ಬಿಡಿಸಿ ಬರೆಯಿರಿ. ಲ್ಯಾಬ್ ನೋಡಲು ಕರೆದರೆ ಹೋದಾಗ ಸ್ಪೆಕ್ಟ್ರೋಫೋಟೋಮೀಟರ್ ಪಕ್ಕದ ಲಾಗ್‌ಬುಕ್ ತೆರೆದು, ಕೊನೆಯ ರೀಡಿಂಗ್ ಯಾವ ತಾರೀಖಿನದು ಎಂದು ನೋಡಿ.